ಓಡುವ ಗಾಡಿಯಿಂದ ಒಂದು ಗೆರೆ

ಕಾಕಂಬಿಯ ವಾಸನೆ ಸಿಹಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಆ ಕಪ್ಪು ಪಾಕಕ್ಕೆ ಹುಳಿ ಬೆರೆತ ಒಂದು ಘಾಟು ಇರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಸಮೀರವಾಡಿ ಸುತ್ತಿನ ಗಾಳಿಯೆಲ್ಲ ಅದನ್ನೇ ಹೊತ್ತು ತಿರುಗುತ್ತದೆ. ಮೊನ್ನೆ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದಾಗ ಅದು ಮೂಗಿಗೆ ಬಡಿಯಿತು. ಅಷ್ಟರಲ್ಲಿ ಎದುರಿನಿಂದ ಖಾಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಕುಣಿಸುತ್ತ, ಎದೆ ನಡುಗುವ ಹಾಗೆ ಹಾಡು ಹಚ್ಚಿಕೊಂಡು ಓಡಿಬಂತು. ನಮ್ಮನ್ನು ದಾಟಿದ ಕ್ಷಣ ಹಾಡಿನ ಸ್ವರ ಒಂದು ಎಳೆ ಕೆಳಗಿಳಿಯಿತು. ಪಕ್ಕದ ಸೀಟಿನ ಹಿರಿಯರು ಕಿವಿ ಮುಚ್ಚಿಕೊಂಡಿದ್ದರು. ನಾನು ಮುಚ್ಚಿಕೊಳ್ಳಲಿಲ್ಲ. ಆ ಇಳಿತದ ಹಿಂದೆ ನನ್ನದೊಂದು ಇಡೀ ಚಳಿಗಾಲ ಇದೆ.

ಆಗ ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ಜಮಖಂಡಿಯಲ್ಲಿ ಬಾಡಿಗೆ ಕೋಣೆ. ಓದಿನಿಂದ ನನ್ನನ್ನು ಗುರುತಿಸುವವರು ಕಡಿಮೆ, ಚರ್ಚಾಸ್ಪರ್ಧೆಯ ಸವಿತಾ ಎಂದರೆ ಎಲ್ಲರಿಗೂ ಗೊತ್ತು. ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ. ಎದುರಿನವರ ವಾಕ್ಯದಲ್ಲಿ ಯಾವ ಪದ ಸುಮ್ಮನೆ ಕುಳಿತು ಉಣ್ಣುತ್ತಿದೆಯೋ ಅದರ ಕುತ್ತಿಗೆ ಹಿಡಿಯುವುದು ನನಗೆ ಅಭ್ಯಾಸವಾಗಿತ್ತು. ಮನೆಯಲ್ಲೂ ಅದನ್ನೇ ಮಾಡಿ ಅವ್ವನಿಂದ ಬೈಸಿಕೊಳ್ಳುತ್ತಿದ್ದೆ. ಆ ವರ್ಷ ಕೈಗೆ ಸಿಕ್ಕ ಪದ ‘ವಿಶ್ವಾಸಾರ್ಹ’.

ನಮ್ಮ ಪ್ರಾಜೆಕ್ಟಿನ ಹೆಸರಿನಲ್ಲೇ ಅದಿತ್ತು: ವೇಗವಾಗಿ ಓಡುವ ವಾಹನದಿಂದ ವಿಶ್ವಾಸಾರ್ಹ ನಿಸ್ತಂತು ಸಂಪರ್ಕ. ವಾಹನವೆಂದರೆ ಊರಿನ ಒಂದು ಖಾಸಗಿ ಆಸ್ಪತ್ರೆಯ ಆಂಬುಲೆನ್ಸ್. ರೋಗಿಯ ಎದೆಗೆ ಅಂಟಿಸಿದ ಪಟ್ಟಿಗಳಿಂದ ಹೃದಯದ ಬಡಿತವನ್ನು ನಮ್ಮದೊಂದು ಡಬ್ಬಿ ಓದಬೇಕು, ರೇಡಿಯೊ ಅಲೆಯ ಮೇಲೆ ಕೂಡಿಸಿ ಊರ ಹೊರಗಿನ ಗುಡ್ಡದ ಮೇಲಿನ ಕಂಬಕ್ಕೆ ಕಳಿಸಬೇಕು, ಅಲ್ಲಿಂದ ಅದು ಆಸ್ಪತ್ರೆಯ ಟೀವಿಗೆ ಹೋಗಿ ಗೆರೆಯಾಗಿ ಓಡಬೇಕು. ರೋಗಿ ಬರುವ ಮೊದಲೇ ಡಾಕ್ಟರಿಗೆ ಅವನ ಹೃದಯ ಕಾಣುತ್ತದೆ. ಮೊದಲ ದಿನವೇ ನಾನು ಕೇಳಿದೆ, ಇದಕ್ಕೆ ಫೋನ್ ಸಾಲದೇ? ನಮ್ಮ ಗೈಡ್ ದೇಸಾಯಿ ಸರ್ ಕನ್ನಡಕ ಒರೆಸುತ್ತ ಅಂದರು, “ಮುಧೋಳ ದಾರ್ಯಾಗ ಎಷ್ಟ ಕಡೆ ರೇಂಜ್ ಹೋಗತೈತಿ ನಿನಗ ಗೊತ್ತಿಲ್ಲೇನವಾ? ನಿಮ್ಮ ಅವ್ವನ ಕೂಡ ಮಾತಾಡೂಮುಂದ ಎಷ್ಟ ಸಲ ಹಲೋ ಹಲೋ ಅಂತಿ?” ಅದು ನಿಜವಾಗಿತ್ತು. ಒಪ್ಪಿಕೊಂಡೆ.

ಒಪ್ಪಿಕೊಳ್ಳದೆ ಉಳಿದದ್ದು ಅವರ ಫಲಿತಾಂಶ. ಎಂಬತ್ತರ ವೇಗದಲ್ಲಿ ಗಾಡಿ ಓಡುವಾಗಲೂ ಇಸಿಜಿಯ ಹನ್ನೆರಡು ಗೆರೆಗಳು ಒಂದೂ ಮುರಿಯದೆ ಬಂದಿವೆ ಎಂದು ಅವರ ಗ್ರಾಫ್ ಹೇಳುತ್ತಿತ್ತು. ಅದರ ಮೇಲೆ ಅವರ ಪಿಎಚ್‌ಡಿ ನಿಂತಿತ್ತು.

ನನ್ನ ಅನುಮಾನಕ್ಕೆ ಕಾರಣವಿತ್ತು. ರೇಡಿಯೊ ಅಲೆಯ ಮೇಲೆ ಮಾಹಿತಿ ಕೂಡಿಸುವುದನ್ನು ಮಾಡ್ಯುಲೇಷನ್ ಎನ್ನುತ್ತಾರೆ. ಅದನ್ನು ಚುಕ್ಕಿ ರಂಗೋಲಿ ಎಂದುಕೊಳ್ಳಿ. ಅಂಗಳದಲ್ಲಿ ನಾಲ್ಕೇ ಚುಕ್ಕಿ ಇಟ್ಟಿದ್ದೇವೆ; ಪ್ರತಿ ಸಲ ಒಂದು ಚುಕ್ಕಿಯನ್ನು ಬೆರಳಿಟ್ಟು ತೋರಿಸುತ್ತೇವೆ, ದೂರದಲ್ಲಿ ನಿಂತವನು ಯಾವುದೆಂದು ಗುರುತಿಸುತ್ತಾನೆ. ನಾಲ್ಕೇ ಇದ್ದರೆ ಗುರುತಿಸುವುದು ಸುಲಭ, ಆದರೆ ಒಂದು ಸಲಕ್ಕೆ ಹೇಳಬಹುದಾದದ್ದು ಕಡಿಮೆ. ಅದೇ ಅಂಗಳದಲ್ಲಿ ಅರವತ್ತನಾಲ್ಕು ಚುಕ್ಕಿ ಒತ್ತೊತ್ತಾಗಿ ಇಟ್ಟರೆ ಒಂದೇ ತೋರಿಕೆಯಲ್ಲಿ ಬಹಳ ಹೇಳಬಹುದು, ಆದರೆ ಕಣ್ಣು ಸ್ವಲ್ಪ ತಪ್ಪಿದರೆ ಪಕ್ಕದ ಚುಕ್ಕಿ. ಸರ್ ಇಟ್ಟದ್ದು ಅರವತ್ತನಾಲ್ಕು. ಹನ್ನೆರಡು ಗೆರೆಗೆ ಅಷ್ಟು ಬೇಕು. ಈಗ ಗಾಡಿ ಓಡಲಿ. ಟ್ರ್ಯಾಕ್ಟರಿನ ಹಾಡು ಬರುವಾಗ ಏರಿ ಹೋಗುವಾಗ ಇಳಿಯುವ ಹಾಗೆ ರೇಡಿಯೊ ಅಲೆಯೂ ಓಟಕ್ಕೆ ತಕ್ಕಂತೆ ಸರಿಯುತ್ತದೆ. ಸರಿದರೆ ಆ ಕಡೆಯವನ ಕಣ್ಣಿಗೆ ಇಡೀ ರಂಗೋಲಿ ಗಿರಗಿರ ತಿರುಗತೊಡಗುತ್ತದೆ. ತಿರುಗುವ ರಂಗೋಲಿಯಲ್ಲಿ ಒತ್ತೊತ್ತಾದ ಚುಕ್ಕಿಗಳನ್ನು ತಪ್ಪದೆ ಗುರುತಿಸಿದೆವು ಎಂದು ಗ್ರಾಫ್ ಹೇಳಿದರೆ ನಂಬುವುದು ಹೇಗೆ?

“ನಡುನಡುವ ಗೊತ್ತಿರೋ ಚುಕ್ಕಿ ಕಳಸ್ತೀವಲ್ಲ,” ಎಂದರು ಸರ್. “ಅದನ್ನ ನೋಡಿ ತಿರುಗಿದ್ದೆಷ್ಟು ಅಂತ ಲೆಕ್ಕಾ ಹಾಕಿ ಸರಿ ಮಾಡಿಕೊಳ್ಳತೈತಿ.”

“ಎರಡು ಗೊತ್ತಿರೋ ಚುಕ್ಕಿ ನಡುವ ಎಷ್ಟ ದೂರ ಬಿಟ್ಟೀವ್ರಿ ಸರ್? ಅಷ್ಟರಾಗ ಅದು ಮತ್ತ ತಿರುಗಿರತೈತಲ್ರಿ.”

“ಗ್ರಾಫ್ ಮುಂದ ಐತಿ. ಕಣ್ಣಿದ್ದಾವ ನೋಡಬೇಕು, ಬಾಯಿದ್ದಾಕಿ ವಾದಾ ಮಾಡೂದಲ್ಲ.”

ಜೊತೆಗಾರ ಇರ್ಫಾನ ನಕ್ಕ. ಅವನು ರಬಕವಿಯವನು, ಮನೆಯ ಕೆಳಗೇ ಪವರ್‌ಲೂಮ್. ಮಗ್ಗದ ಸದ್ದಿನಲ್ಲಿ ಬೆಳೆದವನಾದ್ದರಿಂದ ಮೆಲ್ಲಗೆ ನಗುವುದೂ ಅವನಿಗೆ ಬರುತ್ತಿರಲಿಲ್ಲ. ಅವನ ಕೆಲಸ ಗುಡ್ಡದ ಮೇಲೆ ಕಂಬದ ಬುಡದಲ್ಲಿ ಕುಳಿತು, ಬಂದದ್ದನ್ನು ಲ್ಯಾಪ್‌ಟಾಪಿನಲ್ಲಿ ಹಿಡಿಯುವುದು. ನನ್ನ ಕೆಲಸ ಆಂಬುಲೆನ್ಸಿನ ಹಿಂಭಾಗದಲ್ಲಿ ಡಬ್ಬಿಯ ಜೊತೆ.

ಅಲ್ಲಿ ನನ್ನನ್ನು ಸ್ವಾಗತಿಸಿದವರು ಶಾಂತಕ್ಕ, ಆ ಗಾಡಿಯ ನರ್ಸ್. ಮೊದಲ ದಿನ ಬಾಗಿಲು ತೆರೆದವರೇ ಅಂದರು, “ಬಾ ಯವ್ವಾ. ನನ್ನ ಕೆಲಸಾ ತಿನ್ನಾಕ ಬಂದಿರೋ ಡಬ್ಬಿ ಇದನ ಏನು? ಇಷ್ಟ ಸಣ್ಣದೈತಿ, ಹಸಿವಿ ಭಾಳ ದೊಡ್ಡದೈತಿ.”

ಮಾತು ಹುಳಿಯಾಗಿತ್ತು, ಸುಳ್ಳಾಗಿರಲಿಲ್ಲ. ಆಸ್ಪತ್ರೆಯ ಯಜಮಾನರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಡಬ್ಬಿ ಪಾಸಾದರೆ ಗಾಡಿಯಲ್ಲಿ ನರ್ಸ್ ಬೇಕಿಲ್ಲ, ರೋಗಿಯ ಮನೆಯವರೇ ಪಟ್ಟಿ ಅಂಟಿಸಿದರೂ ನಡೆದೀತು, ತಾನು ಇಲ್ಲಿಂದಲೇ ನೋಡುತ್ತೇನೆ ಎಂದು ಅವರು ಲೆಕ್ಕ ಹಾಕಿದ್ದರು. ವಾರ್ಡಿನಲ್ಲಿ ಜಾಗ ಭರ್ತಿಯಾಗಿತ್ತು. ಗಾಡಿಯಿಂದ ಇಳಿದರೆ ಶಾಂತಕ್ಕ ಮನೆಗೇ. ಹೀಗಾಗಿ ನಾವು ಇಬ್ಬರೂ ಎದುರುಬದುರು ಕುಳಿತು ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡುತ್ತಿದ್ದೆವು. ಅವರಿಗೆ ನನ್ನ ಮೇಲೆ, ನನಗೆ ಡಬ್ಬಿಯ ಮೇಲೆ, ಡಬ್ಬಿಗಿಂತ ಹೆಚ್ಚು ಸರ್ ಮೇಲೆ ಸಂಶಯ.

ಪರೀಕ್ಷೆಯ ಕ್ರಮ ಸರಳ. ಡ್ರೈವರ್ ಬಸಣ್ಣ ಮಾಮಾ ಜಮಖಂಡಿ ದಾಟಿ ಮುಧೋಳ ರಸ್ತೆಗೆ ಬಿದ್ದ ಮೇಲೆ, ಕಬ್ಬಿನ ಗಾಡಿಗಳಿಲ್ಲದ ಬಯಲು ನೋಡಿ ವೇಗ ಏರಿಸುವರು. ನಡುವಿನ ಸಣ್ಣ ಕಿಂಡಿಯಿಂದ “ಎಂಬತ್ತೂ!” ಎಂದು ಕೂಗುವರು. ನಾನು ಗುಂಡಿ ಒತ್ತುವೆ. ಡಬ್ಬಿ ಕಳಿಸತೊಡಗಿದೊಡನೆ ಅವರ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಸಿರು ದೀಪ ಹತ್ತುವುದು. ಇರ್ಫಾನ ಆ ಕಡೆ ಎಲ್ಲ ಸರಿಯಾಗಿ ಬಂತು ಎನ್ನುವನು. ಪ್ರತಿ ಸಲವೂ ಎಲ್ಲ ಸರಿಯಾಗಿಯೇ ಬರುತ್ತಿತ್ತು. ಒಮ್ಮೆಯೂ ತಪ್ಪದ ಯಂತ್ರವನ್ನು ನಾನು ಜೀವನದಲ್ಲಿ ಕಂಡಿರಲಿಲ್ಲ. ನಮ್ಮ ಮನೆಯ ಮಿಕ್ಸರ್ ಕೂಡ ಎರಡು ದಿನಕ್ಕೊಮ್ಮೆ ತಪ್ಪುತ್ತದೆ.

ಗುಟ್ಟನ್ನು ಬಿಟ್ಟುಕೊಟ್ಟದ್ದು ಶಾಂತಕ್ಕನ ನೀರಿನ ಬಾಟಲಿ. ಅದು ಯಾವಾಗಲೂ ನೆಲದ ಮೇಲೆ ಉರುಳಾಡಿಕೊಂಡಿರುತ್ತಿತ್ತು. ಒಂದು ದಿನ ಗುಂಡಿ ಒತ್ತಿದ ಮೇಲೆ ಅದು ಉರುಳಿ ಡ್ರೈವರಿನ ಕಡೆಯ ತಗಡಿಗೆ ಹೋಗಿ ತಾಕಿತು. ಎರಡನೇ ಸಲ ಒತ್ತಿದೆ. ಮತ್ತೆ ಮುಂದಕ್ಕೇ ಉರುಳಿತು. ಮೂರನೇ ಸಲ ಬಾಟಲಿಯ ಜೊತೆ ನನ್ನ ಮೈಯೂ ಬೆಂಚಿನ ಮೇಲೆ ಮುಂದಕ್ಕೆ ಜಾರುವುದನ್ನು ಗಮನಿಸಿದೆ. ಹಿಂಭಾಗದ ಕಿಟಕಿಗಳಿಗೆ ಬಿಳಿ ಬಣ್ಣ ಬಳಿದಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. ಆದರೆ ಮೈಗೆ ಕಿಟಕಿ ಬೇಕಿಲ್ಲ. ಗಾಡಿ ನಿಧಾನ ಆಗುತ್ತಿತ್ತು.

ತಕ್ಷಣ ನನ್ನ ತಲೆಯಲ್ಲಿ ಇಡೀ ಮೊಕದ್ದಮೆ ಸಿದ್ಧವಾಯಿತು. ಸರ್ ಡ್ರೈವರಿಗೆ ಹೇಳಿಕೊಟ್ಟಿದ್ದಾರೆ. ಎಂಬತ್ತು ಎಂದು ಕೂಗು, ಕಳಿಸುವಾಗ ಕಾಲು ತೆಗೆ. ಹೋಗುತ್ತ ಹೋಗುತ್ತ ಪಿಎಚ್‌ಡಿ ಪಕ್ಕಾ. ಸಾಕ್ಷಿಗೆ ಮುಂದಿನ ಸೀಟು ಬೇಕಿತ್ತು. ಮರುದಿನ, ತಲೆಸುತ್ತು ಬರುತ್ತದೆ ಎಂದು ನೆಪ ಹೇಳಿ ಬಸಣ್ಣ ಮಾಮಾನ ಪಕ್ಕ ಏರಿ ಕುಳಿತೆ. ಗುಂಡಿ ಒತ್ತುವ ಕೆಲಸವನ್ನು ಶಾಂತಕ್ಕನಿಗೆ ಕೊಟ್ಟೆ. “ಹೌದಾ? ನನ್ನ ಗೋರಿಗೆ ನಾನ ಮಣ್ಣ ಹಾಕ್ಲ್ಯಾ?” ಎಂದು ಬೈದುಕೊಂಡೇ ಒಪ್ಪಿದರು.

ಮುಳ್ಳು ಎಂಬತ್ತಕ್ಕೆ ಬಂತು. ಮಾಮಾ ಸುಳ್ಳು ಹೇಳುತ್ತಿರಲಿಲ್ಲ, ಎಂಬತ್ತಕ್ಕೇ “ಎಂಬತ್ತೂ!” ಎಂದರು. ಹಸಿರು ದೀಪ ಹತ್ತಿತು. ಅವರ ಬಲಗಾಲು ಮೆಲ್ಲಗೆ, ಮಲಗಿದ ಕೂಸಿನ ಪಕ್ಕದಿಂದ ಏಳುವವರ ಹಾಗೆ, ಮೇಲೆದ್ದಿತು. ಮುಳ್ಳು ಇಳಿಯಿತು, ಇಳಿಯಿತು, ಮೂವತ್ತರ ಹತ್ತಿರ ನಿಂತಿತು. ದೀಪ ಆರಿತು. ಕಾಲು ಮತ್ತೆ ಒತ್ತಿತು.

“ಮಾಮಾ, ಯಾಕ ಸ್ಲೋ ಮಾಡಿದ್ರಿ?”

“ಸಿಗ್ನಲ್ ಹೊಂಟಿತ್ತಲ್ವಾ.”

“ಹೊಂಟಿದ್ರ?”

“ಓಡೂ ಗಾಡ್ಯಾಗ ಮಾತು ಕಟ್ ಆಕೈತಿ. ನಾ ಮನಿಯಿಂದ ಫೋನ್ ಬಂದ್ರ ಬಾಜೂಕ ಹಚ್ಚಿ ನಿಂತ ಮಾತಾಡ್ತೀನಿ. ಇದನ್ನ ಪೂರಾ ನಿಂದ್ರಸಾಕ ಬರೂದಿಲ್ಲ, ನಿಮಗ ಓಡೂಮುಂದ ಬೇಕಂತ. ಅದಕ್ಕ ನಡುವಿಂದು ನೋಡಿ ಬಿಡ್ತೀನಿ.”

“ದೇಸಾಯಿ ಸರ್ ಹಿಂಗ ಮಾಡಂದಾರೇನ್ರಿ?”

ಅವರು ರಸ್ತೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಆ ನೋಟದಲ್ಲಿ ನಾನು ಒಂದು ಮೊಳ ಕಿರಿದಾದೆ. “ಯಾರ್ ಹೇಳಬೇಕ ಬೇ? ಹಗಲೆಲ್ಲಾ ಬಿಸಿಲಾಗ ಆ ಹುಡುಗ ಗುಡ್ಡದ ಮ್ಯಾಲ ಕುಂತಿರ್ತಾನ. ನೀ ಒಳಗ ಕುದೀತಿ. ನಿಮ್ಮ ಪ್ರಾಜೆಕ್ಟ್ ಪಾಸ್ ಆಗ್ಲಿ ಅಂತ ನಾನ ಇಷ್ಟು ಮಾಡೇನಿ.”

ಆ ದೀಪವನ್ನು ಇಟ್ಟದ್ದೇ ‘ಈಗ ವೇಗ ಬಿಡಬೇಡ’ ಎಂದು ತಿಳಿಸಲು. ಅದನ್ನು ಅವರಿಗೆ ಇರ್ಫಾನ ಹೇಳಿರಬೇಕು ಎಂದು ನಾನು, ನಾನು ಹೇಳಿರಬೇಕು ಎಂದು ಇರ್ಫಾನ, ಹುಡುಗರು ಹೇಳಿರುತ್ತಾರೆ ಎಂದು ಸರ್ ತಿಳಿದಿದ್ದೆವು. ಎಲ್ಲರೂ ಸೇರಿ ಒಬ್ಬ ಒಳ್ಳೆಯ ಮನುಷ್ಯನ ಕಾಲಿಗೆ ನಮ್ಮ ವಿಜ್ಞಾನವನ್ನು ಕಟ್ಟಿಬಿಟ್ಟಿದ್ದೆವು.

ಸರ್‌ಗೆ ಹೇಳಿದಾಗ ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ನನ್ನ ಮೊಕದ್ದಮೆಗೆ ಸ್ವಲ್ಪ ಜೀವ ಉಳಿಯುತ್ತಿತ್ತು. ಅವರು ಗ್ರಾಫನ್ನು ತಮ್ಮ ಕಡೆ ಎಳೆದುಕೊಂಡರು. “ಹಂಗಾರ ಇಷ್ಟ ದಿವಸ ಮೂವತ್ತರಾಗ ಓಡಿಸಿ ಎಂಬತ್ತು ಅಂದಂಗಾತು,” ಎಂದರು. ಆಮೇಲೆ, “ನಾಳೆ ನಾನೂ ಬರ್ತೀನಿ. ಬಸಣ್ಣಗ ನಾನ ಹೇಳ್ತೀನಿ.”

ಮರುದಿನ ಬಸಣ್ಣ ಮಾಮಾ ಮುಖ ಬಿಗಿದುಕೊಂಡು, ದೀಪ ಹತ್ತಿದರೂ ಕಾಲು ತೆಗೆಯದೆ ಓಡಿಸಿದರು. ಗುಡ್ಡದಿಂದ ಇರ್ಫಾನನ ಫೋನು ಬಂತು, ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಸಾಕು. “ಸರ್! ಗೆರಿ ಅಲ್ರಿ ಇವು, ಕೋಳಿ ಕೆರದಂಗ ಆಗ್ಯಾವ್ರಿ!” ಹನ್ನೆರಡೂ ಗೆರೆಗಳು ಚಿಂದಿಯಾಗಿದ್ದವು.

ಆ ಸಂಕ್ರಮಣದ ಸುತ್ತಿನ ದಿನಗಳನ್ನು ನಾವು ಲ್ಯಾಬಿನಲ್ಲಿ ಕಳೆದೆವು. ಹೊರಗೆ ಕಬ್ಬಿನ ಗಾಡಿಗಳ ಸಾಲು, ರಸ್ತೆಯ ತುಂಬ ಬಿದ್ದ ಸೋಗೆ, ಬೆಳಗಿನ ಮಂಜಿನಲ್ಲಿ ಕಾಕಂಬಿಯ ಘಾಟು. ನಾನು ವಾದಿಸಿದ್ದು ಇಷ್ಟು: ಅಂಗಳದಲ್ಲಿ ನಾಲ್ಕೇ ಚುಕ್ಕಿ ಇಡೋಣ. ಯಾವ ಚುಕ್ಕಿ ಎಂದು ಕೇಳುವುದೂ ಬೇಡ. ಹಿಂದಿನ ಚುಕ್ಕಿಯಿಂದ ಈಗಿನದು ಎಷ್ಟು ಸರಿಯಿತು ಎಂಬುದರಲ್ಲೇ ಮಾತನ್ನು ಇಡೋಣ. ರಂಗೋಲಿ ತಿರುಗುತ್ತಿದ್ದರೂ ಒಂದು ಚುಕ್ಕಿಯಿಂದ ಮುಂದಿನದಕ್ಕೆ ಹೋಗುವ ಅಷ್ಟು ಚಿಕ್ಕ ಸಮಯದಲ್ಲಿ ಅದು ತಿರುಗುವುದು ಅತ್ಯಲ್ಪ. ನಿಂತ ಗಾಡಿಯಲ್ಲಿ ಈ ವಿಧಾನ ಸರ್ ವಿಧಾನಕ್ಕಿಂತ ಕಳಪೆಯೇ. ಓಡುವ ಗಾಡಿಯಲ್ಲಿ ಉಳಿಯುವುದು ಇದೇ. ನಷ್ಟ ಎಂದರೆ ಹನ್ನೆರಡು ಗೆರೆ ಕಳಿಸಲಾಗದು, ಒಂದೇ ಗೆರೆ. ಸರ್ ವಿರೋಧಿಸಿದರು, ನಾನು ಉತ್ತರ ಕೊಟ್ಟೆ, ಅವರು ಮತ್ತೆ ವಿರೋಧಿಸಿದರು. ಕೊನೆಗೆ ಒಪ್ಪಿದ್ದು ನನ್ನ ವಾದಕ್ಕಲ್ಲ, ಎಂಬತ್ತರಲ್ಲಿ ಆ ಒಂದು ಗೆರೆ ನೇರ ನಡೆದು ಬಂದದ್ದಕ್ಕೆ.

ದೊಡ್ಡ ಡಾಕ್ಟರು ಮೂಗು ಮುರಿದರು. “ಒಂದ ಗೆರಿ ಅಂದ್ರ ಹೆಂಗ್ರಿ ದೇಸಾಯರ? ಮದುವಿಗೆ ಕರದು ಬರೇ ಅನ್ನಾ ಬಡಿಸಿದಂಗ ಆತು.” ನಿಂತಾಗ ಹನ್ನೆರಡು, ಓಡುವಾಗ ಒಂದು ಎಂದು ಒಪ್ಪಂದವಾಯಿತು. ಅವರು ಆಗಲೇ ಐವತ್ತೈದು ಇಂಚಿನ ಟೀವಿ ತಂದಿದ್ದರು. ತಮ್ಮ ಕೋಣೆಯಲ್ಲಿ ಹಾಕಿಸಲಿಲ್ಲ. ರೋಗಿಗಳ ಮನೆಯವರು ಕುಳಿತುಕೊಳ್ಳುವ ಹೊರಗಿನ ಹಾಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕಿಸಿದರು. “ಜನಾ ನೋಡ್ಲಿ, ನಮ್ಮ ದವಾಖಾನ್ಯಾಗ ಏನ್ ಏನ್ ಐತಿ ಅಂತ.” ನನಗೆ ಆ ಟೀವಿಯ ಮೇಲೆ ಸಂಶಯ ಬರಬೇಕಿತ್ತು. ಬರಲಿಲ್ಲ. ಗಾಳಿಯಲ್ಲಿ ಏನಾಗುತ್ತದೆ ಎಂಬುದನ್ನಷ್ಟೇ ಅನುಮಾನಿಸಲು ನಾನು ಕಲಿತಿದ್ದೆ.

ಅದಾದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ ಪರೀಕ್ಷೆಗೆಂದು ಮುಧೋಳ ರಸ್ತೆಯಲ್ಲಿದ್ದಾಗ ಬಸಣ್ಣ ಮಾಮಾನ ಫೋನು ಬಡಿದುಕೊಂಡಿತು. ಮುಂದೆ ಕಬ್ಬಿನ ಗಾಡಿಗಳ ಸರದಿಯಲ್ಲಿ ಒಬ್ಬ ಹಿರಿಯರಿಗೆ ಎದೆನೋವು. ಚಿಮ್ಮಡದವರು, ಮಗಳನ್ನು ಜಮಖಂಡಿಗೇ ಕೊಟ್ಟಿದ್ದರು, ಅವಳ ಮನೆಯವರಿಗೂ ಸುದ್ದಿ ಹೋಗಿತ್ತು. ನಾವೇ ಎಲ್ಲರಿಗಿಂತ ಹತ್ತಿರದಲ್ಲಿದ್ದೆವು. ನನ್ನನ್ನು ಇಳಿಸುವಷ್ಟು ಹೊತ್ತೂ ಯಾರಿಗೂ ಇರಲಿಲ್ಲ.

ಹಿರಿಯರನ್ನು ಒಳಗೆ ಮಲಗಿಸಿದಾಗ ಅವರ ಅಂಗಿ ಬೆವರಿಗೆ ತೊಯ್ದು ಹಿಂಡುವಂತಿತ್ತು. ಶಾಂತಕ್ಕ ಎದೆ ಒರೆಸಿ ಪಟ್ಟಿ ಅಂಟಿಸಿದರು, ಮೂಗಿಗೆ ಆಕ್ಸಿಜನ್ ಹಿಡಿದರು. ನಾನು ಗುಂಡಿ ಒತ್ತಿದೆ. ಮಾಮಾ ಈ ಸಲ ಯಾರಿಗೂ ಎಂಬತ್ತು ಎಂದು ಕೂಗಲಿಲ್ಲ, ಸುಮ್ಮನೆ ಓಡಿಸಿದರು. ಡಬ್ಬಿಯ ಸಣ್ಣ ಪರದೆಯಲ್ಲಿ ಆ ಒಂದು ಗೆರೆ ಏರಿ ಇಳಿದು ಏರಿ ಇಳಿದು ಓಡುತ್ತಿತ್ತು. ಕೆಳಗೆ, ಕಳಿಸಿದ್ದೆಲ್ಲ ಗುಡ್ಡಕ್ಕೆ ಸರಿಯಾಗಿ ಮುಟ್ಟುತ್ತಿದೆ ಎನ್ನುವ ಗುರುತು. ಆ ಕ್ಷಣ ನನಗೆ ಹೆಮ್ಮೆಯಾಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಆಗ ಗೆರೆ ಸಪಾಟಾಯಿತು.

ಮೊದಲು ನೋಡಿದ್ದು ಸಂಪರ್ಕದ ಗುರುತನ್ನು. ಅದು ಸರಿಯಾಗಿಯೇ ಇತ್ತು. ಒಂದು ಬಿಟ್ ಕೂಡ ಕಳೆದಿರಲಿಲ್ಲ. ಪರದೆ ಬಿಟ್ಟು ಮನುಷ್ಯನ ಮುಖ ನೋಡಬೇಕು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನೋಡಿದರೆ ಅವರು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಾರೆ. ಗಾಡಿ ಕುಲುಕಿದ್ದರಿಂದ ಶಾಂತಕ್ಕ ಒಂದು ಕೈಯಲ್ಲಿ ಅವರ ಹೆಗಲು, ಇನ್ನೊಂದರಲ್ಲಿ ಮಾಸ್ಕ್ ಹಿಡಿದು ಮಂಡಿಯೂರಿದ್ದರು.

“ಪಟ್ಟಿ ಕಿತ್ತೈತಿ ಬೆವರಿಗೆ! ಏನ್ ನೋಡ್ಕೋತ ಕುಂತೀಯೇ, ಒತ್ತಿ ಹಿಡಿ!”

ಅಂಗೈಯಿಂದ ಒತ್ತಿ ಹಿಡಿದೆ. ಗೆರೆ ಎದ್ದಿತು. ಅಂಗೈ ಕೆಳಗೆ ನಿಜವಾದ ಬಡಿತವೂ ಸಿಕ್ಕಿತು. ಪರದೆಯದಕ್ಕಿಂತ ಒರಟಾಗಿ, ತಾಳ ತಪ್ಪಿ ಬಡಿಯುತ್ತಿತ್ತು. ಜಮಖಂಡಿ ಮುಟ್ಟುವವರೆಗೂ ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಆ ಕಡೆ ಹಾಲಿನಲ್ಲಿ ಏನಾಗಿತ್ತೆಂದರೆ, ಮಗಳು, ಅಳಿಯ, ಅಳಿಯನ ತಾಯಿ ಎಲ್ಲರೂ ಟೀವಿಯ ಕೆಳಗೇ ಕುಳಿತಿದ್ದರು. ಸಪಾಟ ಗೆರೆ ಎಂದರೆ ಏನೆಂದು ಸಿನಿಮಾ ನೋಡಿದ ಯಾರಿಗೆ ಗೊತ್ತಿಲ್ಲ? ಮಗಳು ಎದೆ ಬಡಿದುಕೊಂಡು ನೆಲಕ್ಕೆ ಬಿದ್ದಳು. ಅಳಿಯ ಚಿಮ್ಮಡಕ್ಕೆ ಫೋನು ಮಾಡಿಬಿಟ್ಟ. ದೊಡ್ಡ ಡಾಕ್ಟರು ಗದ್ದಲ ಕೇಳಿ ಒಳಗಿನಿಂದ ಓಡಿಬರುವ ಹೊತ್ತಿಗೆ ಗೆರೆ ಮತ್ತೆ ಎದ್ದಿತ್ತು. ನೋಡುವವರು ಇರಲಿಲ್ಲ. “ಅದಾನ್ರೀ, ಜೀವಂತ ಅದಾನ್ರೀ!” ಎಂದು ಅವರು ಕೂಗಿದರಂತೆ, ಅಳುವ ಮನೆಯಲ್ಲಿ ಸಮಾಧಾನಕ್ಕೆ ಎಲ್ಲರೂ ಹಾಗೇ ಅನ್ನುತ್ತಾರಲ್ಲ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮನ್ನು ಕೇಳೋಣವೆಂದರೆ ಆಗ ನಾವಿದ್ದ ಕಡೆ ಫೋನಿಗೆ ರೇಂಜಿಲ್ಲ. ನಮ್ಮಿಂದ ಆಚೆ ಹೋಗುತ್ತಿದ್ದದ್ದು ಆ ಗೆರೆ ಒಂದೇ.

ನಾವು ಬಂದು ಬಾಗಿಲು ತೆರೆದಾಗ ಮಗಳು ಅಪ್ಪನ ಕಾಲ ಮೇಲೆ ಬಿದ್ದಳು. ಹಿರಿಯರು ಮಾಸ್ಕ್ ಸರಿಸಿ, “ಯಾಕ ಅಳಾಕತ್ತಿ? ಯಾರ್ ಹೋದ್ರು?” ಎಂದರು. ಅದನ್ನು ನೆನೆದು ಇರ್ಫಾನ ಈಗಲೂ ನಗುತ್ತಾನೆ. ಆಗ ಯಾರೂ ನಗಲಿಲ್ಲ. ಅವರನ್ನು ಒಳಗೆ ಒಯ್ದ ಮೇಲೆ ಚಿಮ್ಮಡದಿಂದ ಟೆಂಪೊ ತುಂಬ ಜನ ಬಂದು ಇಳಿದರು, ಕೆಲವರ ಕೈಯಲ್ಲಿ ಹೂವಿನ ಹಾರ. ಸುದ್ದಿ ಕೇಳಿ ಹಾರಗಳನ್ನು ಸೀಟಿನ ಕೆಳಗೆ ತುರುಕಿ, ರೋಗಿಯನ್ನು ಮಾತಾಡಿಸುವ ಮುಖ ಮಾಡಿಕೊಂಡು ಸಾಲಾಗಿ ನಿಂತರು. ಸಂಜೆಯ ಹೊತ್ತಿಗೆ ಅಪಾಯ ದಾಟಿದೆ ಎಂದರು ಡಾಕ್ಟರು.

ಮರುದಿನ ಅವರ ಕೋಣೆಯಲ್ಲಿ ಸಭೆ. ಸರ್, ನಾನು, ಇರ್ಫಾನ ಕುರ್ಚಿಯಲ್ಲಿ. ಶಾಂತಕ್ಕ ಬಾಗಿಲ ಬಳಿ ನಿಂತಿದ್ದರು, ಕುಳಿತುಕೋ ಎಂದು ಯಾರೂ ಹೇಳಿರಲಿಲ್ಲ. ಟೀವಿಯನ್ನು ಆಗಲೇ ಇಳಿಸಿದ್ದರು.

“ತಪ್ಪು ಟೀವೀದು, ಒಪ್ಪಿದೆ,” ಎಂದರು ದೊಡ್ಡ ಡಾಕ್ಟರು. “ಅದು ಇನ್ನ ನನ್ನ ಕೋಣ್ಯಾಗ ಇರತೈತಿ. ಡಬ್ಬಿ ಮಾತ್ರ ಛಲೋ ಐತಿ. ಮುಂದಿನ ತಿಂಗಳಿಂದ ಸಿಸ್ಟರ್ ಗಾಡ್ಯಾಗ ಬ್ಯಾಡ.”

ಗಟ್ಟಿ ವಾದವಾಗಿತ್ತು, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೂಡುತ್ತಿದ್ದೆ. “ಡಾಕ್ಟರ್ ಸರ್, ಟೀವಿ ನಿಮ್ಮ ಕೋಣ್ಯಾಗ ಇತ್ತು ಅಂತ ಇಟ್ಟಕೋರಿ. ಸಪಾಟ ಗೆರಿ ನೋಡಿ ಏನ್ ಮಾಡ್ತಿದ್ರಿ?” ಎಂದೆ.

“ಫೋನ್ ಮಾಡ್ತಿದ್ದೆ.”

“ರೇಂಜ್ ಇರಲಿಲ್ರಿ. ಹಿಂದ ಯಾರೂ ಇರ್ತಿದ್ದಿಲ್ಲ. ಊರು ಮುಟ್ಟೂತನಾ ಗೆರಿ ಸಪಾಟ ಬರ್ತಿತ್ತು.”

ಮೇಜಿನ ಕೆಳಗೆ ಸರ್ ನನ್ನ ಕಾಲು ತುಳಿದರು. ಇರ್ಫಾನನಿಗೆ ಅದು ಕಾಣಲಿಲ್ಲ, ಅವನು ಉತ್ಸಾಹದಿಂದ ಬಾಯಿ ಹಾಕಿದ. “ಪಟ್ಟಿ ಕಿತ್ತರ ಕೆಂಪು ದೀಪ ಹತ್ತೂಹಂಗ ಮಾಡಬಹುದ್ರಿ ಸರ್! ಭಾಳ ಸರಳ ಐತಿ.”

“ನೋಡು ಮತ್ತ!” ಎಂದರು ಡಾಕ್ಟರು.

“ಹತ್ತಲಿ ಬಿಡ್ರಿ,” ಎಂದೆ ನಾನು. “ಹತ್ತಿದ ಮ್ಯಾಲ ಪಟ್ಟಿ ಒತ್ತಿ ಹಿಡಿಯಾವ್ರು ಯಾರು?”

ಡಾಕ್ಟರು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದರು. “ನಿಮ್ಮ ಡಬ್ಬಿನ್ನ ನೀವ ನಂಬೂದಿಲ್ಲಂದ್ರ ನಾ ಹೆಂಗ ನಂಬ್ಲಿ?”

“ನಂಬ್ತೀನ್ರಿ. ಕೊಟ್ಟಿದ್ದನ್ನ ಕೊಟ್ಟಂಗ ಮುಟ್ಟಸತೈತಿ. ಪಟ್ಟಿ ಕಿತ್ತಿದ್ರ ಸುಳ್ಳನ್ನೂ ಹಂಗ ಮುಟ್ಟಸತೈತಿ, ಒಂದು ಅಕ್ಷರ ತಪ್ಪದ.”

“ದೇಸಾಯರ, ನೀವೇನಂತೀರಿ?”

ಸರ್ ಮುಂದೆ ಇದ್ದದ್ದು ಈ ಆಸ್ಪತ್ರೆಯ ಯಜಮಾನರ ಸಹಿ ಬೇಕಿದ್ದ ಅವರ ಪಿಎಚ್‌ಡಿ ಬರಹ. ಅವರು ಅದನ್ನು ನೋಡಲಿಲ್ಲ. “ಆಕಿ ಹೇಳೂದು ಖರೆ ಐತ್ರಿ,” ಎಂದರು, ನನ್ನ ಕಾಲ ಮೇಲಿನಿಂದ ತಮ್ಮ ಕಾಲು ತೆಗೆದು.

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸಣ್ಣ ಮಾಮಾ ಬಾಗಿಲಲ್ಲಿ ತಲೆ ಹಾಕಿದರು. “ಬನಹಟ್ಟಿಯಿಂದ ಫೋನ್ ಬಂದೈತ್ರಿ. ಮಗ್ಗದ ಮನ್ಯಾಗ ಒಬ್ಬಾಕಿ ಎಚ್ಚರ ತಪ್ಪಿ ಬಿದ್ದಾಳಂತ.”

“ಶಾಂತವ್ವಾ, ಲಗೂನ ಹೋಗು!” ಎಂದರು ದೊಡ್ಡ ಡಾಕ್ಟರು ಎದ್ದು ನಿಂತು, ಯೋಚಿಸದೆ. ಶಾಂತಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದರು; ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.

ಡಾಕ್ಟರು ನನ್ನನ್ನು ನೋಡಿದರು. ನಾನೂ ನೋಡಿದೆ. ಕೆಳಗೆ ಗಾಡಿಯ ಬಾಗಿಲು ಹಾಕಿಕೊಂಡ ಸದ್ದಾಯಿತು, ಸೈರನ್ ಎದ್ದಿತು. ಆಗ ನೆನಪಾದವರ ಹಾಗೆ ಅವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

“ಏ, ಆ ಡಬ್ಬೀನೂ ಹಚ್ಚರಿ!”